ಥರ್ಮಾಮೀಟರಿಗೂ ನೆರಳು ಬೇಕು

2020ರ ಆಗಸ್ಟ್ 7ರಂದು ಹ್ಯೂಸ್ಟನ್ನಿನ ಸ್ವಯಂಸೇವಕರು ಕಾರಿನ ಕಿಟಕಿಗೆ ಪುಟ್ಟ ಸೆನ್ಸರ್ ಸಿಕ್ಕಿಸಿಕೊಂಡು ಬೆಳಿಗ್ಗೆ, ಮಧ್ಯಾಹ್ನ, ಸಂಜೆ ಮೂರು ಹೊತ್ತೂ ಊರು ಸುತ್ತಿದರು. ಅಮೆರಿಕ ಸರ್ಕಾರದ ಹವಾಮಾನ ಸಂಸ್ಥೆ ನೋವಾದ ನೆರವಿನಿಂದ ನಡೆದ ಬಿಸಿ-ನಕ್ಷೆಯ ಕೆಲಸ ಅದು. ಮಧ್ಯಾಹ್ನ ಮೂರರ ಸುತ್ತಿನಲ್ಲಿ ಗಲ್ಫ್‌ಟನ್ ಬಡಾವಣೆಯಲ್ಲಿ 103.3 ಡಿಗ್ರಿ ಫ್ಯಾರನ್‌ಹೀಟ್ ದಾಖಲಾಯಿತು. ಪೂರ್ವದಂಚಿನ ಚಾನೆಲ್‌ವ್ಯೂನಲ್ಲಿ 86.2. ಒಂದೇ ಕೌಂಟಿ, ಒಂದೇ ಮಧ್ಯಾಹ್ನ, 17 ಡಿಗ್ರಿ ಅಂತರ. ದಿನಸಿಗೆಂದು ಹಿಲ್‌ಕ್ರಾಫ್ಟ್ ರಸ್ತೆಯ ನಮ್ಮವರ ಅಂಗಡಿಗಳಿಗೆ ಹೋಗುವವರಿಗೆ ಗಲ್ಫ್‌ಟನ್ ಗೊತ್ತೇ ಇರುತ್ತದೆ: ಪಕ್ಕದ್ದೇ ಬಡಾವಣೆ, ಒತ್ತೊತ್ತಾದ ಅಪಾರ್ಟ್‌ಮೆಂಟುಗಳು, ಎಲ್ಲೆಲ್ಲೂ ಟಾರು ಮತ್ತು ಕಾಂಕ್ರೀಟು, ಮರಗಳು ಕಡಿಮೆ. ಸೆಲ್ಸಿಯಸ್ಸಿನಲ್ಲಿ ಅಂದು ಅಲ್ಲಿದ್ದದ್ದು 39.6. ಬೆಂಗಳೂರಿನ ದಾಖಲೆಯ ಬಿಸಿಲು ಎಂದು ನಾವೆಲ್ಲ ಬಾಯಿ ಬಡಿದುಕೊಂಡ 2016ರ ಏಪ್ರಿಲ್ 24ರಂದು ಅಲ್ಲಿದ್ದದ್ದು 39.2.

ಆಸ್ಟಿನ್ ಕೂಡ 2020ರಲ್ಲೇ ಇಂಥ ಸುತ್ತು ಹಾಕಿತು, ಡಲ್ಲಾಸ್ 2023ರಲ್ಲಿ. ಒಳ್ಳೆಯ ಕೆಲಸ, ಅನುಮಾನವಿಲ್ಲ. ಆದರೆ ಕಾರಿನ ಸುತ್ತು ತೋರಿಸುವುದು ಒಂದು ದಿನವನ್ನು ಮಾತ್ರ. 2011ರಲ್ಲಿ ಡಲ್ಲಾಸ್‌ನಲ್ಲಿ 71 ದಿನ, ಆಸ್ಟಿನ್‌ನಲ್ಲಿ 90 ದಿನ ಪಾದರಸ ನೂರು ಫ್ಯಾರನ್‌ಹೀಟ್ ಮುಟ್ಟಿತ್ತು. 2023ರಲ್ಲಿ ಆಸ್ಟಿನ್ ಸತತ 45 ದಿನ, ದಿನವೂ ನೂರು ಮುಟ್ಟಿತ್ತು. ಅಂಥ ಬೇಸಿಗೆಯಲ್ಲಿ ನಿಮ್ಮ ಬೀದಿ ರಾತ್ರಿ ಎಷ್ಟು ಹೊತ್ತಿಗೆ ತಣಿಯುತ್ತದೆ, ತಣಿಯುತ್ತದೆಯೋ ಇಲ್ಲವೋ ಎಂಬುದು ಕಾರಿನ ಒಂದು ಸುತ್ತಿಗೆ ಸಿಗುವುದಿಲ್ಲ. ಟಿವಿಯವರು ಹೇಳುವ ಅಂಕಿಗೂ ಸಿಗುವುದಿಲ್ಲ. ಡಲ್ಲಾಸ್‌ನ ಅಧಿಕೃತ ತಾಪಮಾನ ವಿಮಾನ ನಿಲ್ದಾಣದ್ದು, ಹ್ಯೂಸ್ಟನ್ನಿನದೂ ಹಾಗೇ. ಆಸ್ಟಿನ್‌ನಲ್ಲಂತೂ ಊರೊಳಗಿನ ಕ್ಯಾಂಪ್ ಮೇಬ್ರಿಯ ಥರ್ಮಾಮೀಟರಿಗೂ ಬರ್ಗ್‌ಸ್ಟ್ರಾಮ್ ವಿಮಾನ ನಿಲ್ದಾಣದ್ದಕ್ಕೂ ರಾತ್ರಿಯ ಲೆಕ್ಕ ಕೂಡಿಬರುವುದಿಲ್ಲ. ಬಯಲಿನ ಬರ್ಗ್‌ಸ್ಟ್ರಾಮ್ ಸಾಮಾನ್ಯವಾಗಿ ಹೆಚ್ಚು ತಣ್ಣಗಿರುತ್ತದೆ. ಬೀದಿಯ ಲೆಕ್ಕ ಬೇಕಿದ್ದರೆ ಬೀದಿಯಲ್ಲೇ ಲಾಗರ್ ಇಡಬೇಕು. ಲಾಗರ್ ಎಂದರೆ ಇಷ್ಟೇ: ಸೆನ್ಸರ್, ಗಡಿಯಾರ, ನೆನಪಿಟ್ಟುಕೊಳ್ಳಲು ಒಂದು ಚಿಪ್ಪು, ಸೆಲ್ಲು, ಇವಕ್ಕೆಲ್ಲ ಒಂದು ಮನೆ.

ಸೆನ್ಸರ್ ಕೊಳ್ಳುವುದು ಇದರಲ್ಲಿ ಅತಿ ಸುಲಭದ ಭಾಗ. ಅದರ ಮೇಲೆ ನೆರಳು ಕಟ್ಟುವುದು ಕಷ್ಟ. ಕಟ್ಟಿದ ನೆರಳು ಸರಿಯಿದೆಯೇ ಎಂದು ಪರೀಕ್ಷಿಸುವುದು ಇನ್ನೂ ಕಷ್ಟ. ಹವ್ಯಾಸಿಗಳು ಹಣವನ್ನೂ ಹೊತ್ತನ್ನೂ ಇದಕ್ಕೆ ಸರಿಯಾಗಿ ಉಲ್ಟಾ ಖರ್ಚು ಮಾಡುತ್ತಾರೆ.

ಡಲ್ಲಾಸ್‌ನಲ್ಲೇ ಹುಟ್ಟಿದ ಸೆನ್ಸರ್

ಪ್ರಪಂಚದಾದ್ಯಂತ ಹವ್ಯಾಸಿಗಳು ಬಳಸುವ ಡಿಎಸ್18ಬಿ20 ಎಂಬ ಸೆನ್ಸರ್ ಡಲ್ಲಾಸ್ ಸೆಮಿಕಂಡಕ್ಟರ್ ಕಂಪನಿಯದು. 1984ರಲ್ಲಿ ಶುರುವಾದ ಆ ಕಂಪನಿಯನ್ನು 2001ರಲ್ಲಿ ಮ್ಯಾಕ್ಸಿಮ್ ಕೊಂಡಿತು, ಮ್ಯಾಕ್ಸಿಮ್ಮನ್ನು 2021ರಲ್ಲಿ ಅನಲಾಗ್ ಡಿವೈಸಸ್ ಕೊಂಡಿತು. ಆದರೂ ಆರ್ಡುಯಿನೋ ಎಂಬ ಪುಟ್ಟ ಬೋರ್ಡಿನ ಹುಡುಗರು ಇವತ್ತಿಗೂ ಬಳಸುವ ಪ್ರೋಗ್ರಾಮ್ ಕಟ್ಟಿನ ಹೆಸರು ‘ಡಲ್ಲಾಸ್ ಟೆಂಪರೇಚರ್’. ಮೈನಸ್ 10ರಿಂದ 85 ಸೆಲ್ಸಿಯಸ್‌ವರೆಗೆ ಇದರ ನಿಖರತೆ ಹೆಚ್ಚೆಂದರೆ ಅರ್ಧ ಡಿಗ್ರಿ ಆಚೀಚೆ. ಪ್ರತಿ ಸೆನ್ಸರಿಗೂ ತನ್ನದೇ 64 ಬಿಟ್ಟಿನ ಗುರುತುಸಂಖ್ಯೆ ಇರುವುದರಿಂದ ಒಂದೇ ತಂತಿಗೆ ಹತ್ತಾರು ಕಟ್ಟಬಹುದು, ತಂತಿಗೆ 4.7 ಕಿಲೋಓಮ್‌ನ ಒಂದು ರೆಸಿಸ್ಟರ್ ಬೇಕು, ಅಷ್ಟೇ. ಸ್ಟೀಲ್ ಕೊಳವೆಯೊಳಗೆ ಕೂತ, ನೀರಿಗೆ ಜಗ್ಗದ ರೂಪದಲ್ಲಿ ಕೆಲವೇ ಡಾಲರಿಗೆ ಸಿಗುತ್ತದೆ. ಅಗ್ಗದ ಪೊಟ್ಟಣಗಳಲ್ಲಿ ನಕಲಿ ಮಾಲೂ ಧಾರಾಳ. ಕೆಲವು ನಕಲಿಗಳು ಚೆನ್ನಾಗಿಯೇ ಕೆಲಸ ಮಾಡುತ್ತವೆ, ಕೆಲವು ಒಂದೆರಡು ಡಿಗ್ರಿ ಸುಳ್ಳು ಹೇಳುತ್ತವೆ. ಅಂದಮೇಲೆ ಒಂದೊಂದನ್ನೂ ಪರೀಕ್ಷಿಸದೆ ಬೇರೆ ದಾರಿಯಿಲ್ಲ.

ಅರ್ಧ ಡಿಗ್ರಿ ಸಾಲದು ಎನ್ನುವವರಿಗೆ ಡಲ್ಲಾಸ್‌ನದೇ ಇನ್ನೊಂದು ಕಂಪನಿ ಟೆಕ್ಸಸ್ ಇನ್‌ಸ್ಟ್ರುಮೆಂಟ್ಸ್ ಮಾಡುವ ಟಿಎಂಪಿ117 ಇದೆ. ಮೈನಸ್ 20ರಿಂದ 50ರವರೆಗೆ ಅದರ ತಪ್ಪು 0.1 ಡಿಗ್ರಿ ಮೀರದು. ಹತ್ತು ಲಾಗರು ಮಾಡುವವರು ಒಂದರಲ್ಲಿ ಇದನ್ನು ಹಾಕಿ, ಉಳಿದ ಒಂಬತ್ತನ್ನು ಅದಕ್ಕೆ ಹೋಲಿಸಿಕೊಳ್ಳುವುದು ಜಾಣತನ.

ಬೆಸುಗೆ, ಪ್ರೋಗ್ರಾಮಿಂಗ್ ಎರಡೂ ಬೇಡ ಎನ್ನುವವರಿಗೆ ಐಬಟನ್ ಎಂಬ ಉಕ್ಕಿನ ಗುಂಡಿ ಇದೆ, ಅದೂ ಡಲ್ಲಾಸ್ ಕುಟುಂಬದ್ದೇ. ಸುಮಾರು 17 ಮಿಲಿಮೀಟರ್ ಅಗಲದ ಆ ಗುಂಡಿಯೊಳಗೆ ಸೆನ್ಸರ್, ಗಡಿಯಾರ, ಸೆಲ್ಲು ಎಲ್ಲವೂ ಅಡಗಿವೆ. ಡಿಎಸ್1922ಎಲ್ ಮಾದರಿಯು ಸೂಕ್ಷ್ಮ ಅಳತೆಯಲ್ಲಿ 4096 ಸಲ ಬರೆದುಕೊಳ್ಳುತ್ತದೆ. ಹತ್ತು ನಿಮಿಷಕ್ಕೊಮ್ಮೆ ಎಂದಾದರೆ ದಿನಕ್ಕೆ 144, ಅಂದರೆ 28 ದಿನ; ನಾಲ್ಕು ವಾರಕ್ಕೊಮ್ಮೆ ಹೋಗಿ ಖಾಲಿ ಮಾಡಿಕೊಂಡು ಬರಬೇಕು. ಬೇಸಿಗೆ ರಜೆಯಲ್ಲಿ ಊರಿಗೆ ಹೊರಡುವ ಮನೆಯವರು ಇದನ್ನು ಮೊದಲೇ ಲೆಕ್ಕ ಹಾಕಿಕೊಳ್ಳಲಿ.

ನೆರಳು ಕಟ್ಟುವ ಕೆಲಸ

ನಾವು ಅಳೆಯಹೊರಟಿರುವುದು ಗಾಳಿಯ ತಾಪಮಾನವನ್ನು. ಆದರೆ ಸೆನ್ಸರಿಗೆ ಗೊತ್ತಿರುವುದು ಅದರದೇ ಮೈಬಿಸಿ ಮಾತ್ರ. ನೇರ ಬಿಸಿಲಿನಲ್ಲಿ ಚದರ ಮೀಟರಿಗೆ ಸುಮಾರು ಸಾವಿರ ವಾಟ್ ಶಕ್ತಿ ಸುರಿಯುತ್ತಿರುವಾಗ ಬಯಲಲ್ಲಿ ಬಿಟ್ಟ ಸೆನ್ಸರ್ ಗಾಳಿಗಿಂತ ಎಷ್ಟೋ ಡಿಗ್ರಿ ಹೆಚ್ಚು ಬಿಸಿಯಾಗುತ್ತದೆ. ಗಾಳಿ ನಿಂತ ಮಧ್ಯಾಹ್ನ ಈ ತಪ್ಪು ಅತಿ ಹೆಚ್ಚು. ನಾವು ತಿಳಿಯಬೇಕೆಂದಿರುವುದೂ ಅದೇ ಮಧ್ಯಾಹ್ನದ ಕಥೆಯನ್ನು. ರಾತ್ರಿ ಇದು ತಿರುಗುಮುರುಗಾಗುತ್ತದೆ. ತಿಳಿಯಾದ ಆಕಾಶಕ್ಕೆ ಮೈಯೊಡ್ಡಿದ ಸೆನ್ಸರ್ ತನ್ನ ಬಿಸಿಯನ್ನು ಮೇಲಕ್ಕೆ ಬಿಟ್ಟುಕೊಟ್ಟು ಗಾಳಿಗಿಂತ ತಣ್ಣಗಾಗುತ್ತದೆ. ಹಗಲು ಹೆಚ್ಚು, ರಾತ್ರಿ ಕಡಿಮೆ ತೋರಿಸುವ ಲಾಗರಿನ ಸರಾಸರಿ ಮಾತ್ರ ನೋಡಿದರೆ ಎಲ್ಲ ಸರಿಯಿದ್ದಂತೆಯೇ ಕಾಣುತ್ತದೆ. ಅದಕ್ಕೇ ಸರಾಸರಿಯನ್ನು ನಂಬಬೇಡಿ.

ಇದಕ್ಕೆ ಹಳೆಯ ಮದ್ದು ಸ್ಟೀವನ್‌ಸನ್ ಪೆಟ್ಟಿಗೆ. ದೀಪಸ್ತಂಭಗಳ ಎಂಜಿನಿಯರ್ ಥಾಮಸ್ ಸ್ಟೀವನ್‌ಸನ್ 19ನೇ ಶತಮಾನದಲ್ಲಿ ರೂಪಿಸಿದ ಬಿಳಿ ಮರದ ಪೆಟ್ಟಿಗೆ, ಸುತ್ತ ಓರೆಪಟ್ಟಿಗಳು. ಇವತ್ತು ಅದರ ಬದಲಿಗೆ ಒಂದರ ಮೇಲೊಂದು ಪೇರಿಸಿದ ಬಿಳಿ ತಟ್ಟೆಗಳ ಗೂಡು ಬಂದಿದೆ. ಅದನ್ನು ಮನೆಯಲ್ಲೇ ಮಾಡಬಹುದು. ಹೂಕುಂಡದ ಅಡಿಗಿಡುವ ಬಿಳಿ ಪ್ಲಾಸ್ಟಿಕ್ ತಟ್ಟೆ ಏಳೆಂಟು ತನ್ನಿ. ಮೇಲಿನ ಎರಡನ್ನು ಬಿಟ್ಟು ಉಳಿದವುಗಳ ನಡುವೆ ದುಂಡಗೆ ತೂತು ಕೊರೆಯಿರಿ. ಬೋರಲು ಹಾಕಿ, ತಿರುಪಿನ ಎಳೆ ಇರುವ ಮೂರು ಉಕ್ಕಿನ ಸಲಾಕೆಗಳಿಗೆ ಪೋಣಿಸಿ, ತಟ್ಟೆತಟ್ಟೆಗಳ ನಡುವೆ ಒಂದೂವರೆ ಸೆಂಟಿಮೀಟರಿನಷ್ಟು ಸಂದು ಬಿಡಿ. ಸೆನ್ಸರ್ ಯಾವ ತಟ್ಟೆಗೂ ತಾಕದಂತೆ ನಡುವೆ ನೇತಾಡಲಿ. ಮುಗಿದ ಮೇಲೆ ಗೂಡಿನ ಸುತ್ತ ಒಂದು ಸುತ್ತು ಬನ್ನಿ, ಬಗ್ಗಿಯೂ ನೋಡಿ. ಯಾವ ಕೋನದಿಂದಲೂ ಸೆನ್ಸರ್ ಕಣ್ಣಿಗೆ ಬೀಳಬಾರದು. ನಿಮ್ಮ ಕಣ್ಣಿಗೆ ಬಿದ್ದರೆ ಬಿಸಿಲಿಗೂ ಬೀಳುತ್ತದೆ. ಕೆಳಗಿನಿಂದ ನೋಡುವುದನ್ನು ಬಹಳ ಜನ ಮರೆಯುತ್ತಾರೆ. ಇಲ್ಲಿನ ಮನೆಗಳ ಕಾಂಕ್ರೀಟ್ ಡ್ರೈವ್‌ವೇ ಬಿಸಿಲನ್ನು ಕೆಳಗಿನಿಂದಲೂ ಎರಚುತ್ತದೆ.

ಅಲ್ಯೂಮಿನಿಯಮ್ ಹಾಳೆ ಸುತ್ತಿದರೆ ಇನ್ನೂ ತಂಪಲ್ಲವೇ ಎಂದು ಕೇಳುವವರಿದ್ದಾರೆ. ಅಲ್ಲ. ಹೊಳೆಯುವ ಲೋಹ ಬಿಸಿಲನ್ನು ಬಹುಪಾಲು ಹಿಂದಕ್ಕೆ ಹೊಡೆಯುವುದೇನೋ ನಿಜ, ಆದರೆ ಹೀರಿಕೊಂಡ ಅಲ್ಪಸ್ವಲ್ಪವನ್ನು ಹೊರಗೆ ಬಿಡಲು ಅದಕ್ಕೆ ಬಾರದು, ಬಿಸಿ ಕೂಡುತ್ತಲೇ ಹೋಗುತ್ತದೆ. ಬಿಳಿ ಬಣ್ಣ ಎರಡನ್ನೂ ಮಾಡುತ್ತದೆ.

ತ್ರೀಡಿ ಪ್ರಿಂಟರ್ ಇರುವವರಿಗೆ ಒಂದು ಎಚ್ಚರಿಕೆ. ಪಿಎಲ್ಎ ಪ್ಲಾಸ್ಟಿಕ್ 60 ಸೆಲ್ಸಿಯಸ್ ಆಸುಪಾಸಿನಲ್ಲಿ ಮೆತ್ತಗಾಗತೊಡಗುತ್ತದೆ. ಟೆಕ್ಸಸ್‌ನ ಜುಲೈ ಬಿಸಿಲಿಗೆ ಬಿಟ್ಟ, ಅದರಲ್ಲೂ ಗಾಢ ಬಣ್ಣದ, ಪ್ಲಾಸ್ಟಿಕ್ ಆ ಬಿಸಿ ಮುಟ್ಟುವುದು ಕಷ್ಟವೇನಲ್ಲ. ಪಿಇಟಿಜಿ ವಾಸಿ, ಅತಿನೇರಳೆ ಕಿರಣಕ್ಕೂ ಜಗ್ಗದ ಎಎಸ್ಎ ಉತ್ತಮ. ಡಲ್ಲಾಸ್ ಕಡೆಯವರಿಗೆ ಆಲಿಕಲ್ಲಿನ ಭಯ ಬೇರೆ. 1995ರ ಮೇ 5ರಂದು ಫೋರ್ಟ್‌ವರ್ತ್‌ನ ಮೇಫೆಸ್ಟ್ ಜಾತ್ರೆಯ ಮೇಲೆ ಬಿದ್ದ ಆಲಿಕಲ್ಲಿನ ಮಾತು ಹಳಬರ ಬಾಯಲ್ಲಿ ಇನ್ನೂ ಇದೆ. ತೆಳು ತಟ್ಟೆ ವಸಂತದ ಒಂದು ಮಳೆಗೆ ಚೂರಾಗಬಹುದು. ಮೇಲಿನ ತಟ್ಟೆಯನ್ನಾದರೂ ದಪ್ಪನೆಯದು ಹಾಕಿ.

ನೀರು, ಇರುವೆ, ಪೊಲೀಸು

ಲಾಗರಿನ ಮಿದುಳು, ಅಂದರೆ ಸರ್ಕ್ಯೂಟ್ ಬೋರ್ಡು ಮತ್ತು ಸೆಲ್ಲು, ಗೂಡಿನೊಳಗೆ ಇರಲೇಬಾರದು. ಅವುಗಳಿಗೂ ಬಿಸಿಯಿದೆ, ವೈಫೈ ಇರುವ ಬೋರ್ಡುಗಳಿಗಂತೂ ಚೆನ್ನಾಗಿಯೇ ಇದೆ. ಒಂದು ಅಡಿಗೂ ಉದ್ದದ ವೈರು ಬಿಟ್ಟು, ಕಂಬದ ಕೆಳಗೆ ಬೇರೆ ಡಬ್ಬಿಯಲ್ಲಿಡಿ. ವೈರು ಡಬ್ಬಿಗೆ ಕೆಳಗಿನಿಂದ ಒಳಹೋಗಲಿ, ಹೋಗುವ ಮುನ್ನ ಒಂದು ಜೋಲು ಬಿಡಿ; ಮಳೆನೀರು ಜೋಲಿನ ತುದಿಯಿಂದ ತೊಟ್ಟಿಕ್ಕಿ ಹೋಗುತ್ತದೆ. ಹ್ಯೂಸ್ಟನ್ನಿನವರು ಡಬ್ಬಿಯನ್ನು ಎಷ್ಟೇ ಬಿಗಿ ಮಾಡಿದರೂ ಹಗಲು ಹಿಗ್ಗಿ ರಾತ್ರಿ ಕುಗ್ಗುವ ಗಾಳಿ ಸಂದುಗೊಂದಿನಿಂದ ತೇವವನ್ನು ಎಳೆದುಕೊಳ್ಳುತ್ತದೆ. ಒಳಗೆ ಸಿಲಿಕಾ ಜೆಲ್ ಪೊಟ್ಟಣ, ಬೋರ್ಡಿನ ಮೇಲೆ ವಾರ್ನಿಶ್ಶಿನಂಥ ರಕ್ಷಣೆಯ ಲೇಪ, ಎರಡೂ ಬೇಕು.

ಹ್ಯೂಸ್ಟನ್ ಸುತ್ತ 2002ರಲ್ಲಿ ಮೊದಲು ಗುರುತಿಸಿದ ಒಂದು ಜಾತಿಯ ಹುಚ್ಚು ಇರುವೆ ಇದೆ. ವಿದ್ಯುತ್ ಪೆಟ್ಟಿಗೆಗಳೊಳಗೆ ಸಾವಿರಗಟ್ಟಲೆ ನುಗ್ಗಿ ಶಾರ್ಟ್ ಮಾಡುವುದಕ್ಕೆ ಅದು ಹೆಸರಾಗಿದೆ. ಬೆಂಕಿ ಇರುವೆಯೂ ಕಡಿಮೆಯೇನಲ್ಲ. ತಟ್ಟೆಗಳ ಸಂದಿನಲ್ಲಿ ಕಣಜ ಗೂಡು ಕಟ್ಟಿದರೆ ಗಾಳಿಯ ದಾರಿಯೇ ಮುಚ್ಚಿಹೋಗುತ್ತದೆ. ಡಬ್ಬಿಯ ತೂತುಗಳಿಗೆ ಸಣ್ಣ ಕಣ್ಣಿನ ಸ್ಟೀಲ್ ಜಾಳಿಗೆ ಹಾಕಿ, ತಿಂಗಳಿಗೊಮ್ಮೆ ಗೂಡಿನೊಳಗೆ ಟಾರ್ಚು ಬಿಟ್ಟು ನೋಡಿ.

ಸೆಲ್ಲಿನ ವಿಷಯದಲ್ಲಿ ಜಿಪುಣತನ ಬೇಡ. 2021ರ ಫೆಬ್ರವರಿ 16ರಂದು ಡಲ್ಲಾಸ್-ಫೋರ್ಟ್‌ವರ್ತ್ ಮೈನಸ್ 2 ಫ್ಯಾರನ್‌ಹೀಟಿಗೆ, ಎಂದರೆ ಮೈನಸ್ 19 ಸೆಲ್ಸಿಯಸ್ಸಿಗೆ ಇಳಿದಿತ್ತು. 1980ರ ಜೂನ್‌ನಲ್ಲಿ 113 ಫ್ಯಾರನ್‌ಹೀಟಿಗೆ ಏರಿತ್ತು. ಮಾಮೂಲಿ ಆಲ್ಕಲೈನ್ ಸೆಲ್ಲು ಚಳಿಗೆ ಸೊರಗುತ್ತದೆ, ಧಗೆಗೆ ಸೋರುತ್ತದೆ. ಮರುಚಾರ್ಜಿನ ಲಿಥಿಯಮ್ ಸೆಲ್ಲನ್ನು ಸೊನ್ನೆ ಸೆಲ್ಸಿಯಸ್ಸಿಗಿಂತ ಕೆಳಗೆ ಚಾರ್ಜ್ ಮಾಡಬಾರದು. ಒಮ್ಮೆ ಬಳಸಿ ಬಿಸಾಡುವ ಲಿಥಿಯಮ್ ಎಎ ಸೆಲ್ಲೇ ಇಲ್ಲಿಗೆ ಸರಿ.

ಇನ್ನೊಂದು ಮಾತು, ನಗಬೇಡಿ. 2015ರಲ್ಲಿ ಡಲ್ಲಾಸ್ ಪಕ್ಕದ ಅರ್ವಿಂಗ್‌ನ 14 ವರ್ಷದ ಹುಡುಗನೊಬ್ಬ ಮನೆಯಲ್ಲಿ ಜೋಡಿಸಿದ ಗಡಿಯಾರವನ್ನು ಶಾಲೆಗೆ ಒಯ್ದಾಗ ಅದು ಬಾಂಬಿನಂತಿದೆ ಎಂದು ಶಂಕಿಸಿ ಪೊಲೀಸರು ಕೈಕೋಳ ಹಾಕಿದ್ದರು. ವೈರು ನೇತಾಡುವ ಡಬ್ಬಿಯನ್ನು ಪಾರ್ಕಿನ ಮರಕ್ಕೆ ಕಟ್ಟಿ ಬರುವ ಮುನ್ನ ಆ ಪ್ರಸಂಗವನ್ನು ನೆನೆಯಿರಿ. ಪಾರದರ್ಶಕ ಮುಚ್ಚಳದ ಡಬ್ಬಿ ಬಳಸಿ; ‘ತಾಪಮಾನ ಅಧ್ಯಯನ’ ಎಂದು ಇಂಗ್ಲಿಷಿನಲ್ಲೂ ಸ್ಪ್ಯಾನಿಷ್‌ನಲ್ಲೂ ಬರೆದು ಫೋನ್ ನಂಬರ್ ಅಂಟಿಸಿ; ಜಾಗದವರ ಅನುಮತಿಯನ್ನು ಬರಹದಲ್ಲೇ ಪಡೆಯಿರಿ. ವಿದ್ಯುತ್ ಕಂಬಗಳ ತಂಟೆಗೆ ಹೋಗಬೇಡಿ. ನಿಮ್ಮದೇ ಹಿತ್ತಲಾದರೂ ಬಡಾವಣೆಯ ಸಂಘಕ್ಕೆ ಮೊದಲೇ ಒಂದು ಮೇಲ್ ಹಾಕಿದರೆ ಆಮೇಲಿನ ದಂಡದ ಕಾಗದ ತಪ್ಪುತ್ತದೆ.

ನಂಬುವ ಮುನ್ನ ಪರೀಕ್ಷೆ

ಪರೀಕ್ಷೆ ಮೂರು ಹಂತದ್ದು. ಮೊದಲನೆಯದು ಅಡುಗೆಮನೆಯಲ್ಲೇ ಆಗುತ್ತದೆ. ಥರ್ಮಾಸ್ ಫ್ಲಾಸ್ಕಿನಲ್ಲಿ ಪುಡಿ ಮಾಡಿದ ಐಸನ್ನು ಒತ್ತಿ ತುಂಬಿ, ಸಂದುಗಳಷ್ಟೇ ತುಂಬುವಂತೆ ಡಿಸ್ಟಿಲ್ಡ್ ನೀರು ಹುಯ್ಯಿರಿ. ನೀರಿನ ಮೇಲೆ ಐಸು ತೇಲುವಂತಿರಬಾರದು, ಏಕೆಂದರೆ 4 ಡಿಗ್ರಿಯ ನೀರೇ ಎಲ್ಲಕ್ಕಿಂತ ಭಾರ, ಅದು ತಳ ಸೇರಿ ನಿಮ್ಮ ಸೆನ್ಸರಿಗೆ ಸೊನ್ನೆಯ ಬದಲು ಬೇರೇನೋ ಹೇಳಿಬಿಡುತ್ತದೆ. ಸೆನ್ಸರುಗಳನ್ನೆಲ್ಲ ರಬ್ಬರ್ ಬ್ಯಾಂಡಿನಲ್ಲಿ ಒಟ್ಟಿಗೆ ಕಟ್ಟಿ, ಗೋಡೆಗೆ ತಾಕದಂತೆ ಇಳಿಸಿ, ಆಗಾಗ ಕಲಕುತ್ತ ಕಾಲು ಗಂಟೆ ಬಿಡಿ. ಪ್ರತಿಯೊಂದೂ ಸೊನ್ನೆಯಿಂದ ಎಷ್ಟು ದೂರವಿದೆಯೋ ಬರೆದಿಡಿ. ಆಮೇಲೆ 45 ಡಿಗ್ರಿಯ ಬಿಸಿನೀರಿನಲ್ಲಿ ಅದೇ ಕಟ್ಟನ್ನು ಇಳಿಸಿ, ನೀರು ತಾನಾಗಿ ಆರುವವರೆಗೆ ಒಳ್ಳೆಯ ಥರ್ಮಾಮೀಟರಿನ ಜೊತೆ ಹೋಲಿಸಿ. ಕುದಿನೀರು ಬೇಡ, ನಮಗೆ ನೂರರ ಹಂಗಿಲ್ಲ.

ಎರಡನೆಯದು ಪಕ್ಕಪಕ್ಕದ ಪರೀಕ್ಷೆ. ಎಲ್ಲ ಲಾಗರುಗಳನ್ನೂ ಗೂಡುಸಮೇತ ಒಂದೇ ಹಿತ್ತಲಲ್ಲಿ, ಒಂದೇ ಎತ್ತರದಲ್ಲಿ, ಕನಿಷ್ಠ ಒಂದು ವಾರ ನಿಲ್ಲಿಸಿ. ಬಿಸಿಲಿನ ದಿನ, ಮೋಡದ ದಿನ, ಒಂದು ಮಳೆ, ಎಲ್ಲ ಬಂದರೆ ಒಳ್ಳೆಯದು. ಇಲ್ಲಿ ಲಾಗರುಗಳ ನಡುವೆ ಕಾಣುವ ವ್ಯತ್ಯಾಸವೇ ನಿಮ್ಮ ಅಳತೆಯ ಮಿತಿ. ಒಂದೇ ಹಿತ್ತಲಲ್ಲಿ ಎರಡು ಲಾಗರುಗಳು ಮಧ್ಯಾಹ್ನ ಒಂದು ಡಿಗ್ರಿ ಜಗಳವಾಡುತ್ತಿದ್ದರೆ, ಮುಂದೆ ಎರಡು ಬೀದಿಗಳ ನಡುವೆ ಒಂದು ಡಿಗ್ರಿ ವ್ಯತ್ಯಾಸ ಕಂಡಿತೆಂದು ಹೇಳುವ ಹಕ್ಕು ನಿಮಗಿಲ್ಲ. ಹಲವು ಯೋಜನೆಗಳು ಈ ವಾರವನ್ನು ಉಳಿಸಲು ಹೋಗಿ ಬೇಸಿಗೆ ಪೂರ್ತಿ ಕಳೆದುಕೊಳ್ಳುತ್ತವೆ. ಬೇಸಿಗೆ ಮುಗಿದ ಮೇಲೂ ಇದನ್ನೇ ಮತ್ತೆ ಮಾಡಿ. ಅಷ್ಟರಲ್ಲಿ ತಟ್ಟೆ ಹಳದಿಯಾಗಿರುತ್ತದೆ, ಧೂಳು ಕೂತಿರುತ್ತದೆ. ಆಸ್ಟಿನ್‌ನಲ್ಲಿ ಚಳಿಗಾಲದವರೆಗೂ ಬಿಟ್ಟಿದ್ದರೆ ಸೀಡರ್ ಮರದ ಪರಾಗ ಮೆತ್ತಿರುತ್ತದೆ.

ಮೂರನೆಯದು ಗೂಡಿನ ಪರೀಕ್ಷೆ. ಅಮೆರಿಕದ ಹವಾಮಾನ ಉಲ್ಲೇಖ ಜಾಲದ ನಿಲ್ದಾಣಗಳಲ್ಲಿ ಮೂರು ಥರ್ಮಾಮೀಟರುಗಳಿಗೆ ಮೂರು ಬೇರೆಬೇರೆ ಕವಚ, ಪ್ರತಿಯೊಂದಕ್ಕೂ ಗಾಳಿ ಎಳೆಯುವ ಫ್ಯಾನು. ಅದರ ಬಡ ತಮ್ಮನನ್ನು ನೀವೂ ಮಾಡಬಹುದು: ಒಂದರೊಳಗೊಂದು ಎರಡು ಬಿಳಿ ಪಿವಿಸಿ ಪೈಪು, ತುದಿಗೆ ಕಂಪ್ಯೂಟರಿನ ಫ್ಯಾನು. ಫ್ಯಾನು ಗಾಳಿಯನ್ನು ಸೆನ್ಸರಿನ ಕಡೆ ಊದಬಾರದು, ಸೆನ್ಸರಿನ ಮೇಲೆ ಹಾಯಿಸಿ ಹೊರಗೆಳೆಯಬೇಕು. ಇಲ್ಲವಾದರೆ ಮೋಟಾರಿನ ಬಿಸಿಯನ್ನೇ ಅಳೆದಂತಾಗುತ್ತದೆ. ಇದನ್ನು ತಟ್ಟೆಗೂಡಿನ ಪಕ್ಕದಲ್ಲಿಟ್ಟು, ಎರಡರ ವ್ಯತ್ಯಾಸ ಯಾವ ಗಂಟೆಯಲ್ಲಿ, ಎಂಥ ಗಾಳಿಯಲ್ಲಿ ಹೆಚ್ಚುತ್ತದೆ ನೋಡಿ. ಇಷ್ಟಕ್ಕೂ ಪುರುಸೊತ್ತಿಲ್ಲದವರಿಗೆ ಒಂದು ಒಳದಾರಿ ಇದೆ. ಗಾಳಿ ಕಡಿಮೆ ಇರುವ ಬಿಸಿಲ ಮಧ್ಯಾಹ್ನ ಗೂಡಿನಿಂದ ನಾಲ್ಕಡಿ ದೂರದಲ್ಲಿ ರಟ್ಟು ಹಿಡಿದು ಹತ್ತು ನಿಮಿಷ ಗೂಡಿನ ಮೇಲೆ ನೆರಳು ಬೀಳಿಸಿ, ತೆಗೆಯಿರಿ, ಮತ್ತೆ ಬೀಳಿಸಿ. ನೆರಳು ಬಿದ್ದಾಗೆಲ್ಲ ಅಂಕಿ ಅರ್ಧ ಡಿಗ್ರಿಗಿಂತ ಹೆಚ್ಚು ಇಳಿದರೆ ಗೂಡು ಬಿಸಿಲನ್ನು ಒಳಗೆ ಬಿಡುತ್ತಿದೆ ಎಂದೇ ಅರ್ಥ.

ವಿಮಾನ ನಿಲ್ದಾಣದ ಅಂಕಿಗೆ ನಿಮ್ಮ ಲಾಗರನ್ನು ಸರಿಹೊಂದಿಸಲು ಮಾತ್ರ ಹೋಗಬೇಡಿ. ಇಪ್ಪತ್ತು ಮೈಲಿ ದೂರದ ತಾಪಮಾನವೇ ಇಲ್ಲಿನದೂ ಎಂದಾಗಿದ್ದರೆ ಈ ಶ್ರಮವೇ ಬೇಕಿರಲಿಲ್ಲ. ಆಸ್ಟಿನ್‌ನಲ್ಲಿ ಕಚೇರಿಯಿರುವ ರಾಜ್ಯದ ಜಲ ಅಭಿವೃದ್ಧಿ ಮಂಡಳಿ ನಡೆಸುವ ಟೆಕ್ಸ್‌ಮೆಸೋನೆಟ್ ನಕ್ಷೆಯಲ್ಲಿ ಹತ್ತಿರದ ಒಳ್ಳೆಯ ನಿಲ್ದಾಣ ಹುಡುಕಿ. ಅದರ ಬೇಲಿಯ ಪಕ್ಕದಲ್ಲೇ ಒಂದು ಲಾಗರು ಇಡಲು ಬಿಟ್ಟರೆ ಅದಕ್ಕಿಂತ ದೊಡ್ಡ ಉಪಕಾರವಿಲ್ಲ.

ಎಲ್ಲಿ ಇಡುವುದು, ಹೇಗೆ ಬರೆದಿಡುವುದು

ಎತ್ತರ ನೆಲದಿಂದ ಒಂದೂಕಾಲು ಮೀಟರಿನಿಂದ ಎರಡು ಮೀಟರಿನೊಳಗೆ. ವಿಶ್ವ ಹವಾಮಾನ ಸಂಸ್ಥೆಯ ವಾಡಿಕೆ ಅದು. ಎಲ್ಲ ಲಾಗರಿಗೂ ಒಂದೇ ಎತ್ತರ ಇರಲಿ. ಪಶ್ಚಿಮಕ್ಕೆ ಮುಖ ಮಾಡಿದ ಇಟ್ಟಿಗೆ ಗೋಡೆ ಮಧ್ಯರಾತ್ರಿವರೆಗೂ ಬಿಸಿ ಉಗುಳುತ್ತದೆ, ಏಸಿಯ ಹೊರಪೆಟ್ಟಿಗೆ ಹಗಲಿರುಳೂ ಉಗುಳುತ್ತದೆ; ಎರಡರಿಂದಲೂ ದೂರ ಇರಿ. ಹುಲ್ಲಿಗೆ ಬಿಡುವ ಸ್ಪ್ರಿಂಕ್ಲರ್ ಗೂಡನ್ನು ತೋಯಿಸಿದರೆ ಬೆಳಗಿನ ಜಾವಕ್ಕೆ ಇಲ್ಲದ ತಂಪು ದಾಖಲಾಗುತ್ತದೆ. ನೆಲದ ಬಿಸಿ ತೋರಿಸುವ ಉಪಗ್ರಹ ಚಿತ್ರವನ್ನೋ, ಗೋಡೆಗೆ ಹಿಡಿಯುವ ಇನ್‌ಫ್ರಾರೆಡ್ ಗನ್ನನ್ನೋ ನಿಮ್ಮ ಅಂಕಿಯ ಜೊತೆ ಹೋಲಿಸಬೇಡಿ. ಅವು ಅಳೆಯುವುದು ಮೇಲ್ಮೈಯನ್ನು.

ಸಮಯವನ್ನು ಯುಟಿಸಿ ಎಂಬ ವಿಶ್ವ ಸಮಯದಲ್ಲೇ ಬರೆಸಿ. ಮಾರ್ಚ್ ಮತ್ತು ನವೆಂಬರ್‌ನಲ್ಲಿ ಗಡಿಯಾರ ತಿರುಗಿಸುವ ಈ ದೇಶದಲ್ಲಿ ಸ್ಥಳೀಯ ಸಮಯ ನಂಬಿದವರ ದತ್ತಾಂಶದಲ್ಲಿ ಒಂದು ಗಂಟೆ ಎರಡು ಸಲ ಬರುತ್ತದೆ, ಇನ್ನೊಂದು ಬರುವುದೇ ಇಲ್ಲ. ಗಡಿಯಾರಕ್ಕೆ ಡಿಎಸ್3231 ಚಿಪ್ಪು ಹಾಕಿದರೆ ವರ್ಷಕ್ಕೆ ಒಂದು ನಿಮಿಷದಷ್ಟೇ ತಪ್ಪುತ್ತದೆ. ಸೆಲ್ಸಿಯಸ್ಸಿನಲ್ಲಿ ಬರೆಸಿ, ತೋರಿಸುವಾಗ ಮಾತ್ರ ಫ್ಯಾರನ್‌ಹೀಟ್ ಮಾಡಿ. ಪಟ್ಟಿಯಲ್ಲಿ ಸರಿಯಾಗಿ 85.0 ಕಂಡರೆ ಹೆದರಬೇಡಿ, ಅದು ಡಿಎಸ್18ಬಿ20 ಆನ್ ಆದಾಗ ಹೇಳುವ ಮೊದಲ ಮಾತು. ಮೈನಸ್ 127 ಕಂಡರೆ ವೈರು ಬಿಟ್ಟಿದೆ. ಎರಡನ್ನೂ ಅಳಿಸಿ ಖಾಲಿ ಬಿಡಿ, ಅಕ್ಕಪಕ್ಕದ ಅಂಕಿ ನೋಡಿ ತುಂಬಬೇಡಿ. ನಾಲ್ಕು ದಿಕ್ಕಿನ ಫೋಟೋ, ನೆಲದ ಬಗೆ, ಗೂಡಿನ ಬಗೆ, ಇಟ್ಟ ದಿನ, ತೊಳೆದ ದಿನ ಎಲ್ಲ ಒಂದು ಹಾಳೆಯಲ್ಲಿರಲಿ. ಹಂಚಿಕೊಳ್ಳುವಾಗ ಮನೆಯ ನಿಖರ ಅಕ್ಷಾಂಶ-ರೇಖಾಂಶ ಕೊಡದೆ, ಬಡಾವಣೆಯ ಮಟ್ಟಕ್ಕೆ ಮಸುಕು ಮಾಡಿ.

ಡಲ್ಲಾಸ್‌ನ ಮಲ್ಲಿಗೆ ಕನ್ನಡ ಸಂಘ, ಹ್ಯೂಸ್ಟನ್ ಕನ್ನಡ ವೃಂದ, ಆಸ್ಟಿನ್ ಕನ್ನಡ ಸಂಘಗಳ ಸದಸ್ಯರ ಮನೆಗಳು ಊರಿನ ಉದ್ದಗಲಕ್ಕೂ ಹರಡಿವೆ. ಹೊಸ ಬಡಾವಣೆಯ ಗಿಡಗಳು ಇನ್ನೂ ಮೊಣಕಾಲೆತ್ತರ. ಹಳೆಯ ಬೀದಿಗಳಲ್ಲಿ ಓಕ್ ಮರಗಳು ರಸ್ತೆಯ ಮೇಲೆ ಕೈಜೋಡಿಸಿವೆ. ಈ ಎರಡರ ನಡುವೆ ರಾತ್ರಿ ಹತ್ತು ಗಂಟೆಗೆ ಎಷ್ಟು ವ್ಯತ್ಯಾಸ ಎಂಬ ಒಂದೇ ಪ್ರಶ್ನೆ ಇಟ್ಟುಕೊಂಡು, ಹೈಸ್ಕೂಲು ಮಕ್ಕಳ ಕೈಯಲ್ಲಿ ಗೂಡು ಕಟ್ಟಿಸಿ, ಹತ್ತು ಹಿತ್ತಲು ಆರಿಸಿಕೊಂಡರೆ ಒಂದು ಬೇಸಿಗೆಗೆ ಕೈತುಂಬ ಕೆಲಸ. ಆದರೆ ಆ ಅಧ್ಯಯನ ಗಲ್ಫ್‌ಟನ್‌ನಂಥ ಬಡಾವಣೆಗಳಿಗೂ ಹೋಗಬೇಕು. ನಮ್ಮ ಉಪನಗರಗಳ ಹಿತ್ತಲುಗಳನ್ನಷ್ಟೇ ಅಳೆದರೆ ಊರಿನ ಧಗೆ ಅಳೆದಂತಾಗುವುದಿಲ್ಲ.

ಪಕ್ಕಪಕ್ಕದ ಪರೀಕ್ಷೆಯನ್ನು ಏಪ್ರಿಲ್ ಒಳಗೆ ಮುಗಿಸಿ, ಮೇ ಕೊನೆಗೆ ಕಂಬ ನೆಡಿ. ಶಾಲೆ ಶುರುವಾಯಿತೆಂದು ಆಗಸ್ಟ್‌ನಲ್ಲೇ ಕಿತ್ತುಬಿಡಬೇಡಿ: 2000ನೇ ಇಸವಿಯಲ್ಲಿ ಹ್ಯೂಸ್ಟನ್ 109, ಆಸ್ಟಿನ್ 112 ಡಿಗ್ರಿ ಮುಟ್ಟಿದ್ದು ಸೆಪ್ಟೆಂಬರ್ 4 ಮತ್ತು 5ರಂದು.